ಕ್ಯಾಲ್ಕುಲೇಟರ್ ಹಿಡಿದು ಕಡಲಲ್ಲಿ ದಾರಿ ಹುಡುಕುವುದು

ಪ್ರಥಮ ಪಿಯುಸಿಯಲ್ಲಿ ತ್ರಿಕೋನಮಿತಿ ಶುರುವಾಗಿ ಎರಡು ವಾರ ಕಳೆಯುವಷ್ಟರಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಸರ್, ಇದನ್ನೆಲ್ಲ ನಿಜವಾಗಿ ಯಾರು ಬಳಸುತ್ತಾರೆ?" ಗೋಪುರದ ಎತ್ತರ, ಮರದ ನೆರಳು ಎಂದು ಉತ್ತರ ಕೊಟ್ಟರೆ ಯಾರಿಗೂ ಸಮಾಧಾನವಾಗುವುದಿಲ್ಲ. ಆದ್ದರಿಂದ ಈ ಸಂಚಿಕೆಯಲ್ಲಿ ಬೇರೊಂದು ಉತ್ತರ ಬರೆಯುತ್ತಿದ್ದೇನೆ. ನಾಲ್ಕೂ ಕಡೆ ನೀರು, ದಡದ ಸುಳಿವಿಲ್ಲ, ದಾರಿ ಕೇಳಲು ಯಾರೂ ಇಲ್ಲ. ಅಂಥ ಜಾಗದಲ್ಲಿ ಹಡಗಿನ ಅಧಿಕಾರಿಯೊಬ್ಬ ನೀವು ಓದುವ ಸೈನ್, ಕೊಸೈನ್‌ಗಳನ್ನೇ ಬಳಸಿ ತಾನು ಎಲ್ಲಿದ್ದೇನೆ ಎಂದು ಕಂಡುಕೊಳ್ಳುತ್ತಾನೆ. ಈ ಕೆಲಸಕ್ಕೆ ಬೇಕಾಗುವ ಯಂತ್ರ ಜೇಬಿನಲ್ಲಿ ಹಿಡಿಸುವ ಕ್ಯಾಲ್ಕುಲೇಟರ್. ಆದರೆ ಆ ಯಂತ್ರಕ್ಕೆ ಗೊತ್ತಿಲ್ಲದ ಕೆಲವು ಸಂಗತಿಗಳಿವೆ. ಅವು ನಮಗೆ ಗೊತ್ತಿರಲೇಬೇಕು ಎಂಬುದು ಈ ಲೇಖನದ ಮುಖ್ಯ ಮಾತು.

ಆಕಾಶದಿಂದ ನೆಲದ ಅಳತೆ

ಮೊದಲು ಮೂಲ ವಿಚಾರ. ಯಾವುದೇ ಕ್ಷಣದಲ್ಲಿ ಸೂರ್ಯ ಭೂಮಿಯ ಮೇಲಿನ ಯಾವುದೋ ಒಂದು ಬಿಂದುವಿಗೆ ನೇರ ನೆತ್ತಿಯ ಮೇಲೆ ಇರುತ್ತಾನೆ. ಆ ಬಿಂದುವಿನಲ್ಲಿ ನಿಂತವರಿಗೆ ಸೂರ್ಯನ ಎತ್ತರ 90 ಡಿಗ್ರಿ. ಅಲ್ಲಿಂದ ದೂರ ಸರಿದಂತೆಲ್ಲ ಸೂರ್ಯ ತಗ್ಗುತ್ತಾ ಹೋಗುತ್ತಾನೆ. ಒಂದು ಡಿಗ್ರಿ ತಗ್ಗಿದರೆ ನಾವು 60 ನಾಟಿಕಲ್ ಮೈಲಿ ದೂರ ಬಂದಿದ್ದೇವೆ ಎಂದರ್ಥ. ಡಿಗ್ರಿಯ ಅರವತ್ತನೇ ಒಂದು ಭಾಗ, ಅಂದರೆ ಕೋನದ ಒಂದು ಮಿನಿಟ್, ಒಂದು ನಾಟಿಕಲ್ ಮೈಲಿಗೆ ಸಮ. ಒಂದು ನಾಟಿಕಲ್ ಮೈಲಿ ಎಂದರೆ 1852 ಮೀಟರ್.

ಹಾಗಾಗಿ ಸೂರ್ಯನ ಎತ್ತರವನ್ನು ಅಳೆದರೆ ಸೂರ್ಯನ ಕೆಳಗಿನ ಬಿಂದುವಿನಿಂದ ನಾವೆಷ್ಟು ದೂರದಲ್ಲಿದ್ದೇವೆ ಎಂದು ತಿಳಿಯುತ್ತದೆ. ಎತ್ತರ ಅಳೆಯುವ ಉಪಕರಣ ಸೆಕ್ಸ್‌ಟಂಟ್. ಅದರ ಕನ್ನಡಿಗಳು ಸೂರ್ಯನ ಬಿಂಬವನ್ನು ದಿಗಂತದ ಗೆರೆಗೆ ಇಳಿಸಿ ತೋರಿಸುತ್ತವೆ. ಆ ಕ್ಷಣದಲ್ಲಿ ಸೂರ್ಯ ಯಾವ ಬಿಂದುವಿನ ಮೇಲಿದ್ದಾನೆ ಎಂಬುದನ್ನು ನಾಟಿಕಲ್ ಅಲ್ಮನಾಕ್ ಎಂಬ ವಾರ್ಷಿಕ ಪುಸ್ತಕ ಗಂಟೆ ಗಂಟೆಗೂ ಕೊಡುತ್ತದೆ. ಸೂರ್ಯ, ಚಂದ್ರ, ಗ್ರಹಗಳ ಜೊತೆಗೆ ಆಯ್ದ 57 ನಕ್ಷತ್ರಗಳ ಪಟ್ಟಿಯೂ ಅದರಲ್ಲಿದೆ. ಆ ಪಟ್ಟಿಯ ಬಹಳಷ್ಟು ಹೆಸರುಗಳು ಅರಬ್ಬಿಯವು. ನಮ್ಮ ರೋಹಿಣಿ ಅಲ್ಲಿ ಆಲ್ಡೆಬರನ್, ಅಂದರೆ ಹಿಂಬಾಲಿಸುವವ. ನಮ್ಮ ಶ್ರವಣ ಅಲ್ಲಿ ಆಲ್ಟೇರ್, ಅಂದರೆ ಹಾರುವ ಹದ್ದು. ಡೆನೆಬ್ ಎಂದರೆ ಬಾಲ.

ಆದರೆ ದೂರವೊಂದೇ ತಿಳಿದರೆ ಸ್ಥಾನ ತಿಳಿಯುವುದಿಲ್ಲ. ಅಷ್ಟೇ ದೂರದಲ್ಲಿರುವ ಬಿಂದುಗಳೆಲ್ಲ ಸೇರಿ ಭೂಮಿಯ ಮೇಲೆ ಒಂದು ದೊಡ್ಡ ವೃತ್ತವಾಗುತ್ತವೆ. ನಾವು ಆ ವೃತ್ತದ ಮೇಲೆ ಎಲ್ಲೋ ಒಂದು ಕಡೆ ಇದ್ದೇವೆ, ಅಷ್ಟೇ. ಇನ್ನೊಂದು ನಕ್ಷತ್ರವನ್ನು ಅಳೆದರೆ ಇನ್ನೊಂದು ವೃತ್ತ ಸಿಗುತ್ತದೆ. ಎರಡು ವೃತ್ತಗಳು ಎರಡು ಕಡೆ ಕೂಡುತ್ತವೆ. ಅವುಗಳಲ್ಲಿ ನಮಗೆ ಹತ್ತಿರವಾದುದು ನಮ್ಮ ಸ್ಥಾನ.

ಈ ವೃತ್ತದ ಒಂದು ತುಣುಕು ನಕ್ಷೆಯ ಮೇಲೆ ನೇರ ಗೆರೆಯಂತೆ ಕಾಣುತ್ತದೆ ಎಂಬುದನ್ನು ಅಮೆರಿಕದ ಕ್ಯಾಪ್ಟನ್ ಥಾಮಸ್ ಸಮ್ನರ್ ಸಂಕಟದ ನಡುವೆ ಕಂಡುಕೊಂಡ. 1837ರ ಡಿಸೆಂಬರ್ 17ರಂದು ಅವನ ಹಡಗು ಬಿರುಗಾಳಿಯಲ್ಲಿ ಐರ್ಲೆಂಡ್ ಮತ್ತು ವೇಲ್ಸ್ ನಡುವಿನ ಕಡಲಿನ ಬಾಯಿಯಲ್ಲಿತ್ತು. ದಿನಗಟ್ಟಲೆ ಮೋಡ ಕವಿದಿತ್ತು, ಗಾಳಿ ದಡದ ಕಡೆಗೆ ತಳ್ಳುತ್ತಿತ್ತು. ಒಮ್ಮೆ ಮಾತ್ರ ಸೂರ್ಯ ಇಣುಕಿದ. ತನ್ನ ಅಕ್ಷಾಂಶ ಖಚಿತವಿರದ ಕಾರಣ ಸಮ್ನರ್ ಮೂರು ಬೇರೆ ಬೇರೆ ಅಕ್ಷಾಂಶಗಳನ್ನು ಊಹಿಸಿ ಮೂರು ಬಾರಿ ಲೆಕ್ಕ ಮಾಡಿದ. ಮೂರು ಬಿಂದುಗಳೂ ಒಂದೇ ಗೆರೆಯ ಮೇಲೆ ಬಿದ್ದವು. ಆ ಗೆರೆಯನ್ನು ಮುಂದಕ್ಕೆ ಎಳೆದರೆ ಅದು ಸ್ಮಾಲ್ಸ್ ಎಂಬ ದೀಪಸ್ತಂಭದ ಮೇಲೆ ಹಾಯುತ್ತಿತ್ತು. ಅದೇ ದಿಕ್ಕಿಗೆ ಹಡಗು ನಡೆಸಿದ, ದೀಪ ಕಂಡಿತು. 1875ರಲ್ಲಿ ಫ್ರೆಂಚ್ ನೌಕಾಧಿಕಾರಿ ಮಾರ್ಕ್ ಸೇಂಟ್ ಹಿಲೇರ್ ಈ ವಿಧಾನವನ್ನು ಸರಳಗೊಳಿಸಿದ. ಇಂದಿಗೂ ಬಳಕೆಯಲ್ಲಿರುವುದು ಅವನ ವಿಧಾನವೇ.

ಒಂದು ಸೂತ್ರ, ನೂರಾರು ಪುಟ

ಸೇಂಟ್ ಹಿಲೇರ್ ಹೇಳಿದ್ದು ಇಷ್ಟು: ನೀವು ಇರಬಹುದಾದ ಜಾಗವೊಂದನ್ನು ಊಹಿಸಿ. ಅಲ್ಲಿಂದ ಸೂರ್ಯನ ಎತ್ತರ ಎಷ್ಟಿರಬೇಕು ಎಂದು ಲೆಕ್ಕ ಮಾಡಿ. ನಂತರ ಅಳೆದ ಎತ್ತರದೊಂದಿಗೆ ಹೋಲಿಸಿ. ಅಳೆದದ್ದು ಹೆಚ್ಚಿದ್ದರೆ ನೀವು ಊಹೆಗಿಂತ ಸೂರ್ಯನ ಕಡೆಗೆ ಹತ್ತಿರವಿದ್ದೀರಿ, ಕಡಿಮೆಯಿದ್ದರೆ ದೂರವಿದ್ದೀರಿ. ಎಷ್ಟು ಮಿನಿಟ್ ವ್ಯತ್ಯಾಸವೋ ಅಷ್ಟು ನಾಟಿಕಲ್ ಮೈಲಿ.

ಲೆಕ್ಕದ ಸೂತ್ರ ಒಂದೇ ಸಾಲು:

ಸೈನ್ ಎತ್ತರ = (ಸೈನ್ ಅಕ್ಷಾಂಶ × ಸೈನ್ ಕ್ರಾಂತಿ) + (ಕಾಸ್ ಅಕ್ಷಾಂಶ × ಕಾಸ್ ಕ್ರಾಂತಿ × ಕಾಸ್ ಕಾಲಕೋನ)

ಕ್ರಾಂತಿ ಎಂದರೆ ಸೂರ್ಯನ ಕೆಳಗಿನ ಬಿಂದುವಿನ ಅಕ್ಷಾಂಶ. ಕಾಲಕೋನ ಎಂದರೆ ನಮ್ಮ ರೇಖಾಂಶಕ್ಕೂ ಆ ಬಿಂದುವಿನ ರೇಖಾಂಶಕ್ಕೂ ಇರುವ ಅಂತರ, ಪಶ್ಚಿಮದ ಕಡೆಗೆ ಎಣಿಸಿದ್ದು. ಉತ್ತರ ಧ್ರುವ, ನಾವು, ಸೂರ್ಯನ ಕೆಳಗಿನ ಬಿಂದು, ಈ ಮೂರನ್ನು ಸೇರಿಸಿದರೆ ಗೋಳದ ಮೇಲೆ ಒಂದು ತ್ರಿಕೋನ. ನಿಮ್ಮ ಪಠ್ಯದ ಕೊಸೈನ್ ನಿಯಮಕ್ಕೆ ಗೋಳದ ಮೇಲಿನ ರೂಪವೇ ಈ ಸೂತ್ರ.

ಸಾಲು ಚಿಕ್ಕದಾದರೂ ಕೈಯಲ್ಲಿ ಮಾಡುವುದು ಕಷ್ಟ. ಐದು ತ್ರಿಕೋನಮಿತಿ ಮೌಲ್ಯ, ಮೂರು ಗುಣಾಕಾರ, ಒಂದು ವಿಲೋಮ ಸೈನ್, ಅದೂ ಓಲಾಡುವ ಹಡಗಿನಲ್ಲಿ. ಲಾಗರಿದಮ್ ಪುಸ್ತಕದಲ್ಲಿ ಒಂದು ಸಾಲು ತಪ್ಪಿ ನೋಡಿದರೆ ಎಲ್ಲವೂ ಹಾಳು. ಅದಕ್ಕಾಗಿಯೇ ಉತ್ತರಗಳನ್ನು ಮೊದಲೇ ಲೆಕ್ಕ ಹಾಕಿ ಮುದ್ರಿಸಿದ ದಪ್ಪ ಕೋಷ್ಟಕಗಳು ಬಂದವು. ಅಮೆರಿಕದ 229ನೇ ಸಂಖ್ಯೆಯ ಕೋಷ್ಟಕ ಆರು ಸಂಪುಟಗಳಷ್ಟಿದೆ.

ಈ ಸಂಪುಟಗಳ ಜಾಗಕ್ಕೆ ಬಂದದ್ದು ಕ್ಯಾಲ್ಕುಲೇಟರ್. 1972ರಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಕಂಪನಿಯ ಎಚ್‌ಪಿ-35 ಬಂತು. ಸೈನ್, ಕೊಸೈನ್ ಬಲ್ಲ ಮೊದಲ ಜೇಬಿನ ಯಂತ್ರ ಅದು. ಬೆಲೆ 395 ಡಾಲರ್. ಎರಡು ವರ್ಷದ ನಂತರ, 1974ರಲ್ಲಿ, ಎಚ್‌ಪಿ-65 ಬಂತು. ಇದಕ್ಕೆ ಪ್ರೋಗ್ರಾಂ ಬರೆಯಬಹುದಿತ್ತು. ಅಂದರೆ ಯಾವ ಗುಂಡಿಯ ನಂತರ ಯಾವ ಗುಂಡಿ ಎಂಬ ಅನುಕ್ರಮವನ್ನು ಯಂತ್ರವೇ ನೆನಪಿಟ್ಟುಕೊಳ್ಳುತ್ತಿತ್ತು. 100 ಹೆಜ್ಜೆಗಳವರೆಗೆ ಜಾಗ. ಬರೆದದ್ದನ್ನು ಬೆರಳಗಲದ ಕಾಂತೀಯ ಕಾರ್ಡಿನಲ್ಲಿ ಉಳಿಸಿಡಬಹುದಿತ್ತು. 1975ರ ಅಪೋಲೋ–ಸೋಯುಜ್ ಯಾನದಲ್ಲಿ ಇದು ಬಾಹ್ಯಾಕಾಶಕ್ಕೂ ಹೋಯಿತು. 1977ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಟಿಐ-59, 1979ರಲ್ಲಿ ಎಚ್‌ಪಿ-41ಸಿ ಬಂದವು. ಎರಡಕ್ಕೂ ನೌಕಾಯಾನದ ಪ್ರೋಗ್ರಾಂಗಳಿರುವ ಚಿಕ್ಕ ಮಾಡ್ಯೂಲ್‌ಗಳು ಸಿಗುತ್ತಿದ್ದವು. ಸೆಕ್ಸ್‌ಟಂಟ್ ತಯಾರಿಸುವ ಜಪಾನಿನ ತಮಾಯಾ ಕಂಪನಿ ನಾವಿಕರಿಗಾಗಿಯೇ ಪ್ರತ್ಯೇಕ ಕ್ಯಾಲ್ಕುಲೇಟರ್ ಮಾಡಿತು.

ಇದರಿಂದ ನಾವಿಕನಿಗೆ ಆದ ಲಾಭ ಬರೀ ವೇಗವಲ್ಲ. ಮುಸ್ಸಂಜೆಯಲ್ಲಿ ನಕ್ಷತ್ರವೂ ದಿಗಂತವೂ ಒಟ್ಟಿಗೆ ಕಾಣುವ ಅವಧಿ ಬಹಳ ಕಡಿಮೆ. ಆ ಹೊತ್ತಿನಲ್ಲಿ ಐದಾರು ನಕ್ಷತ್ರ ಅಳೆದಿಟ್ಟುಕೊಂಡರೆ ಎಲ್ಲಕ್ಕೂ ಒಂದೇ ಪ್ರೋಗ್ರಾಂ ಓಡಿಸಬಹುದು. ಹೆಜ್ಜೆ ಪ್ರತಿ ಸಲವೂ ಒಂದೇ ಆದ್ದರಿಂದ ಮಧ್ಯದಲ್ಲಿ ತಪ್ಪುವ ಭಯವಿಲ್ಲ.

ಮಂಗಳೂರಿನ ಆಚೆ ಒಂದು ಲೆಕ್ಕ

ಈಗ ಒಂದು ಉದಾಹರಣೆ ಮಾಡೋಣ. ನಿಮ್ಮಲ್ಲಿ ಹಲವರ ಬಳಿ ಇರುವ ಕ್ಯಾಸಿಯೋ ಎಫ್‌ಎಕ್ಸ್-991 ಪೂರ್ಣ ಪ್ರೋಗ್ರಾಂ ಯಂತ್ರವಲ್ಲ. ಆದರೂ ಅದರ ಕ್ಯಾಲ್ಕ್ ಗುಂಡಿ ಒಂದು ಸೂತ್ರವನ್ನು ನೆನಪಿಟ್ಟುಕೊಂಡು ಹೊಸ ಸಂಖ್ಯೆಗಳನ್ನು ಕೇಳುತ್ತದೆ. ನಮ್ಮ ಕೆಲಸಕ್ಕೆ ಅಷ್ಟು ಸಾಕು.

ಮೇ ತಿಂಗಳ ಮೂರನೇ ವಾರದ ಮಧ್ಯಾಹ್ನ ಎಂದುಕೊಳ್ಳಿ. ಹಡಗು ಮಂಗಳೂರಿನ ಪಶ್ಚಿಮಕ್ಕೆ ಅರಬ್ಬಿ ಸಮುದ್ರದಲ್ಲಿದೆ. ನಮ್ಮ ಊಹೆ 13 ಡಿಗ್ರಿ ಉತ್ತರ ಅಕ್ಷಾಂಶ, 74 ಡಿಗ್ರಿ ಪೂರ್ವ ರೇಖಾಂಶ. ಗಡಿಯಾರದಲ್ಲಿ ಸುಮಾರು 3 ಗಂಟೆ 10 ನಿಮಿಷ. ಆ ಕ್ಷಣಕ್ಕೆ ಸೂರ್ಯನ ಕ್ರಾಂತಿ 20 ಡಿಗ್ರಿ ಉತ್ತರ, ಗ್ರೀನಿಚ್‌ನಿಂದ ಅಳೆದ ಕಾಲಕೋನ 326 ಡಿಗ್ರಿ ಎಂದಿಟ್ಟುಕೊಳ್ಳೋಣ. ಅಂದರೆ ಸೂರ್ಯ ಸುಡಾನಿನ ಮರುಭೂಮಿಯ ನೆತ್ತಿಯ ಮೇಲಿದ್ದಾನೆ. ನಮ್ಮ ಪೂರ್ವ ರೇಖಾಂಶ 74ನ್ನು 326ಕ್ಕೆ ಕೂಡಿದರೆ 400. ಅದರಲ್ಲಿ 360 ಕಳೆದರೆ ನಮ್ಮ ಕಾಲಕೋನ 40 ಡಿಗ್ರಿ.

ಸೂತ್ರದಲ್ಲಿ 13, 20, 40 ಹಾಕಿದರೆ ಮೊದಲ ಭಾಗ 0.0769, ಎರಡನೇ ಭಾಗ 0.7014. ಒಟ್ಟು 0.7783. ಇದರ ವಿಲೋಮ ಸೈನ್ 51.108 ಡಿಗ್ರಿ, ಅಂದರೆ 51 ಡಿಗ್ರಿ 6.5 ಮಿನಿಟ್. ನಾವು ಊಹಿಸಿದ ಜಾಗದಲ್ಲೇ ಇದ್ದರೆ ಸೂರ್ಯ ಇಷ್ಟು ಎತ್ತರದಲ್ಲಿ ಕಾಣಬೇಕು.

ಸೆಕ್ಸ್‌ಟಂಟ್ ತೋರಿಸಿದ್ದು 51 ಡಿಗ್ರಿ 4.7 ಮಿನಿಟ್ ಎನ್ನಿ. ಇದನ್ನು ಹಾಗೆಯೇ ಬಳಸುವಂತಿಲ್ಲ. ನೋಡುವವನ ಕಣ್ಣು ನೀರಿನಿಂದ 9 ಮೀಟರ್ ಮೇಲಿದ್ದರೆ ದಿಗಂತ ಸ್ವಲ್ಪ ಕೆಳಗೆ ಕಾಣುತ್ತದೆ, ಅದಕ್ಕೆ 5.3 ಮಿನಿಟ್ ಕಳೆಯಬೇಕು. ಗಾಳಿ ಬೆಳಕನ್ನು ಬಾಗಿಸುವುದಕ್ಕೆ 0.7 ಕಳೆಯಬೇಕು. ಅಳೆದದ್ದು ಸೂರ್ಯನ ಕೆಳ ಅಂಚನ್ನು, ನಮಗೆ ಬೇಕಾದ್ದು ಕೇಂದ್ರ, ಆದ್ದರಿಂದ 15.8 ಕೂಡಬೇಕು. ಉತ್ತರ 51 ಡಿಗ್ರಿ 14.5 ಮಿನಿಟ್. ಲೆಕ್ಕ ಹೇಳಿದ್ದಕ್ಕಿಂತ 8 ಮಿನಿಟ್ ಹೆಚ್ಚು. ಅಂದರೆ ನಮ್ಮ ಗೆರೆ ಊಹಿಸಿದ ಜಾಗದಿಂದ 8 ನಾಟಿಕಲ್ ಮೈಲಿ ಸೂರ್ಯನ ದಿಕ್ಕಿಗೆ ಇದೆ.

ಸೂರ್ಯನ ದಿಕ್ಕು ಯಾವುದು? ಅದಕ್ಕೆ ಅದೇ ತ್ರಿಕೋನದ ಇನ್ನೊಂದು ಸೂತ್ರ:

ಕಾಸ್ ದಿಕ್ಕು = (ಸೈನ್ ಕ್ರಾಂತಿ − ಸೈನ್ ಅಕ್ಷಾಂಶ × ಸೈನ್ ಎತ್ತರ) ÷ (ಕಾಸ್ ಅಕ್ಷಾಂಶ × ಕಾಸ್ ಎತ್ತರ)

ಇದು 0.2729 ಬರುತ್ತದೆ. ವಿಲೋಮ ಕೊಸೈನ್ 74.2 ಡಿಗ್ರಿ. ಉತ್ತರದಿಂದ 74.2 ಡಿಗ್ರಿ. ಆದರೆ ಯಾವ ಕಡೆಗೆ?

ಯಂತ್ರಕ್ಕೆ ಗೊತ್ತಿಲ್ಲದ್ದು

ಈ ಪ್ರಶ್ನೆಗೆ ಕ್ಯಾಲ್ಕುಲೇಟರ್ ಉತ್ತರಿಸುವುದಿಲ್ಲ. ಬೆಳಗ್ಗಿನ ಸೂರ್ಯನಿಗೂ ಮಧ್ಯಾಹ್ನದ ಸೂರ್ಯನಿಗೂ ಅದು 74.2 ಎಂದೇ ತೋರಿಸುತ್ತದೆ. ದ್ವಿತೀಯ ಪಿಯುಸಿಯ ವಿಲೋಮ ತ್ರಿಕೋನಮಿತಿಯಲ್ಲಿ ಪ್ರಿನ್ಸಿಪಲ್ ವ್ಯಾಲ್ಯೂ ಎಂದು ಪಾಠ ಮಾಡುತ್ತೇವಲ್ಲ, ಅದೇ ವಿಷಯ. ವಿಲೋಮ ಕೊಸೈನ್‌ನ ಉತ್ತರ ಯಾವಾಗಲೂ 0ರಿಂದ 180 ಡಿಗ್ರಿಯ ಒಳಗೆ. ಪಶ್ಚಿಮದ ಅರ್ಧ ಅದಕ್ಕೆ ಕಾಣುವುದೇ ಇಲ್ಲ. ಕಾಲಕೋನ 180ಕ್ಕಿಂತ ಕಡಿಮೆಯಿದ್ದರೆ ಸೂರ್ಯ ಪಶ್ಚಿಮಕ್ಕೆ ವಾಲಿದ್ದಾನೆ, ಆಗ 360ರಿಂದ ಕಳೆಯಬೇಕು ಎಂಬ ನಿಯಮವನ್ನು ಪ್ರೋಗ್ರಾಂನಲ್ಲಿ ನಾವೇ ಬರೆಯಬೇಕು. ನಮ್ಮ ಉದಾಹರಣೆಯಲ್ಲಿ ಸರಿಯಾದ ದಿಕ್ಕು 285.8 ಡಿಗ್ರಿ. ಆ ಒಂದು ಹೆಜ್ಜೆ ಬಿಟ್ಟರೆ 8 ಮೈಲಿ ಪಶ್ಚಿಮಕ್ಕೆ ಎಳೆಯಬೇಕಾದ ಗೆರೆಯನ್ನು 8 ಮೈಲಿ ಪೂರ್ವಕ್ಕೆ, ದಡದ ಕಡೆಗೆ, ಎಳೆಯುತ್ತೇವೆ.

ಇಂಥವು ಇನ್ನೂ ಇವೆ. ಯಂತ್ರ ಡಿಗ್ರಿಯ ಬದಲು ರೇಡಿಯನ್ ಸ್ಥಿತಿಯಲ್ಲಿದ್ದರೆ ಮೇಲಿನ ಲೆಕ್ಕಕ್ಕೆ ಅದು ಯಾವ ಸಂಕೋಚವೂ ಇಲ್ಲದೆ 0.137 ಎಂದು ಉತ್ತರ ಕೊಡುತ್ತದೆ. ಮಂಗಳೂರಿನ ಅಕ್ಷಾಂಶ 12 ಡಿಗ್ರಿ 52 ಮಿನಿಟ್. ಅದನ್ನು 12.52 ಎಂದು ಒತ್ತಿದರೆ ತಪ್ಪು, 52ನ್ನು 60ರಿಂದ ಭಾಗಿಸಿ 12.867 ಎಂದು ಒತ್ತಬೇಕು. ಆ ಚಿಕ್ಕ ವ್ಯತ್ಯಾಸ ಕಡಲಿನಲ್ಲಿ ಸುಮಾರು 21 ನಾಟಿಕಲ್ ಮೈಲಿ, 38 ಕಿಲೋಮೀಟರಿಗೂ ಹೆಚ್ಚು. ದಕ್ಷಿಣ ಅಕ್ಷಾಂಶಕ್ಕೆ ಋಣ ಚಿಹ್ನೆ ಮರೆತರೆ ಹಡಗು ಭೂಮಧ್ಯರೇಖೆ ದಾಟಿಬಿಡುತ್ತದೆ. ಗಡಿಯಾರದ 4 ಸೆಕೆಂಡು ತಪ್ಪಿದರೆ ರೇಖಾಂಶದಲ್ಲಿ ಒಂದು ಮಿನಿಟ್ ತಪ್ಪು. ಯಂತ್ರ ಹತ್ತು ಅಂಕಿಗಳನ್ನು ತೋರಿಸುತ್ತದೆ ಎಂದ ಮಾತ್ರಕ್ಕೆ ಹತ್ತೂ ಅಂಕಿ ನಿಜವಲ್ಲ. ಸೆಕ್ಸ್‌ಟಂಟ್ ಹಿಡಿದ ಕೈ ಎಷ್ಟು ನಿಖರವೋ ಉತ್ತರವೂ ಅಷ್ಟೇ ನಿಖರ.

ಹಾಗಾದರೆ ಪ್ರೋಗ್ರಾಂ ಸರಿಯಿದೆ ಎಂದು ತಿಳಿಯುವುದು ಹೇಗೆ? ಉತ್ತರ ಮೊದಲೇ ಗೊತ್ತಿರುವ ಲೆಕ್ಕ ಕೊಟ್ಟು ನೋಡಬೇಕು. ಅಕ್ಷಾಂಶವೂ ಕ್ರಾಂತಿಯೂ ಒಂದೇ, ಕಾಲಕೋನ 0 ಎಂದರೆ ಸೂರ್ಯ ನೆತ್ತಿಯ ಮೇಲೆ, ಉತ್ತರ 90 ಬರಲೇಬೇಕು. ಭೂಮಧ್ಯರೇಖೆಯಲ್ಲಿ ನಿಂತು ಕಾಲಕೋನ 90 ಕೊಟ್ಟರೆ ಸೂರ್ಯ ದಿಗಂತದಲ್ಲಿ, ಉತ್ತರ 0 ಬರಬೇಕು. ಕಂಪ್ಯೂಟರ್ ಸೈನ್ಸ್ ಓದುವವರಿಗೆ ನಾನು ಹೇಳುವುದು ಇದನ್ನೇ: ಪ್ರೋಗ್ರಾಂ ಓಡಿತು ಎಂದರೆ ಸರಿಯಾಯಿತು ಎಂದಲ್ಲ. ಉತ್ತರ ಬರುವ ಮೊದಲೇ ಅದು ಹೆಚ್ಚುಕಡಿಮೆ ಎಷ್ಟಿರಬೇಕು ಎಂಬ ಅಂದಾಜು ನಿಮ್ಮ ತಲೆಯಲ್ಲಿರಬೇಕು.

ಅದೇ ಪ್ರೋಗ್ರಾಂ, ಕಿಬ್ಲಾದ ದಿಕ್ಕು

ಈ ಪ್ರೋಗ್ರಾಂನಲ್ಲಿ ಸೂರ್ಯನ ಜಾಗಕ್ಕೆ ಬೇರೆ ಯಾವ ಬಿಂದುವನ್ನಾದರೂ ಕೊಡಬಹುದು. ಮಕ್ಕಾವನ್ನು ಕೊಟ್ಟು ನೋಡಿ. ಕಾಬಾದ ಅಕ್ಷಾಂಶ 21.42 ಡಿಗ್ರಿ ಉತ್ತರ, ರೇಖಾಂಶ 39.83 ಡಿಗ್ರಿ ಪೂರ್ವ. ಮಂಗಳೂರು 12.87 ಮತ್ತು 74.84. ರೇಖಾಂಶಗಳ ಅಂತರ 35.01 ಡಿಗ್ರಿ, ಅದೇ ಕಾಲಕೋನ. ಎತ್ತರ ಸುಮಾರು 55.5 ಡಿಗ್ರಿ ಬರುತ್ತದೆ. ಅದನ್ನು 90ರಿಂದ ಕಳೆದು 60ರಿಂದ ಗುಣಿಸಿದರೆ ಮಕ್ಕಾಕ್ಕೆ ದೂರ, ಸುಮಾರು 2070 ನಾಟಿಕಲ್ ಮೈಲಿ, ಅಂದರೆ 3830 ಕಿಲೋಮೀಟರ್. ದಿಕ್ಕು ಉತ್ತರದಿಂದ ಪಶ್ಚಿಮಕ್ಕೆ 70.8, ಅಂದರೆ 289 ಡಿಗ್ರಿ. ನೇರ ಪಶ್ಚಿಮದಿಂದ 19 ಡಿಗ್ರಿ ಉತ್ತರಕ್ಕೆ ವಾಲಿದ ದಿಕ್ಕು. ಅದು ನಮ್ಮ ಕಿಬ್ಲಾ.

ಇದು ಆಕಸ್ಮಿಕವಲ್ಲ. ಗೋಳದ ಮೇಲಿನ ತ್ರಿಕೋನವನ್ನು ಬಿಡಿಸುವ ಗಣಿತ ಬೆಳೆದದ್ದರಲ್ಲಿ ಕಿಬ್ಲಾ ಮತ್ತು ನಮಾಜಿನ ಸಮಯದ ಪ್ರಶ್ನೆಗಳಿಗೆ ದೊಡ್ಡ ಪಾಲಿದೆ. ಸುಮಾರು ಸಾವಿರ ವರ್ಷಗಳ ಹಿಂದೆ ಅಲ್-ಬಿರೂನಿ ಘಜ್ನಿಯ ಕಿಬ್ಲಾ ಕಂಡುಹಿಡಿಯಲು ಒಂದು ಇಡೀ ಗ್ರಂಥವನ್ನೇ ಬರೆದರು. ಸೈನ್ ಎಂಬ ಪದದ ಪ್ರಯಾಣವೂ ಇದೇ ದಾರಿಯದು. ಸಂಸ್ಕೃತದ ಜ್ಯಾ, ಜೀವಾ ಅರಬ್ಬಿಗೆ ಹೋಗಿ ಜೀಬ ಆಯಿತು, ಅದನ್ನು ಜೈಬ್ ಎಂದು ಓದಿದ ಲ್ಯಾಟಿನ್ ಅನುವಾದಕರು ಸೈನಸ್ ಎಂದರು. ನಮ್ಮ ಈ ಕಡಲಿನಲ್ಲಿ ಅರಬ್ ನಾವಿಕರು ಕಮಾಲ್ ಎಂಬ ಸಾಧನ ಬಳಸುತ್ತಿದ್ದರು. ಒಂದು ಮರದ ಹಲಗೆ, ಅದರ ನಡುವಿನಿಂದ ಒಂದು ದಾರ, ದಾರದಲ್ಲಿ ಗಂಟುಗಳು. ಗಂಟನ್ನು ಹಲ್ಲಿನಲ್ಲಿ ಕಚ್ಚಿ ಹಲಗೆಯನ್ನು ಮುಂದೆ ಹಿಡಿದಾಗ ಕೆಳಗಂಚು ದಿಗಂತಕ್ಕೂ ಮೇಲಂಚು ಧ್ರುವ ನಕ್ಷತ್ರಕ್ಕೂ ತಾಗಿದರೆ, ಬೇಕಾದ ಬಂದರಿನ ಅಕ್ಷಾಂಶ ಬಂತು ಎಂದರ್ಥ. ಆ ಗಂಟು ಕೂಡ ಒಂದು ರೀತಿಯಲ್ಲಿ ಮೊದಲೇ ಬರೆದಿಟ್ಟ ಪ್ರೋಗ್ರಾಂ. ನೆಲ ಮತ್ತು ಕಡಲಿನ ಕತ್ತಲೆಯಲ್ಲಿ ದಾರಿ ತೋರುವ ನಕ್ಷತ್ರಗಳ ಪ್ರಸ್ತಾಪ ಪವಿತ್ರ ಕುರ್‌ಆನಿನ ಅಲ್-ಅನ್‌ಆಮ್ ಅಧ್ಯಾಯದಲ್ಲಿದೆ ಎಂಬುದು ನಿಮಗೆ ಗೊತ್ತೇ ಇದೆ.

ಜಿಪಿಎಸ್ ಇರುವಾಗ ಇದೇಕೆ?

ನ್ಯಾಯವಾದ ಪ್ರಶ್ನೆ. ಮೊಬೈಲ್ ಒಂದು ಕ್ಷಣದಲ್ಲಿ ಹೇಳುವುದನ್ನು ಇಷ್ಟು ಕಷ್ಟಪಟ್ಟು ಏಕೆ ಹುಡುಕಬೇಕು? ಅಮೆರಿಕದ ನೌಕಾ ಅಕಾಡೆಮಿ ಕೂಡ ಹೀಗೆಯೇ ಯೋಚಿಸಿ 1990ರ ದಶಕದ ಕೊನೆಯಲ್ಲಿ ಈ ಪಾಠವನ್ನು ಕೈಬಿಟ್ಟಿತು. 2015ರಲ್ಲಿ ಮತ್ತೆ ಶುರು ಮಾಡಿತು. ಉಪಗ್ರಹದಿಂದ ಬರುವ ಸಂಕೇತ ಬಹಳ ದುರ್ಬಲ. ಅದನ್ನು ಅಡಗಿಸಬಹುದು, ಸುಳ್ಳು ಸಂಕೇತವನ್ನೂ ಕಳಿಸಬಹುದು. 2017ರ ಜೂನ್‌ನಲ್ಲಿ ಕಪ್ಪು ಸಮುದ್ರದಲ್ಲಿದ್ದ ಸುಮಾರು 20 ಹಡಗುಗಳಿಗೆ ತಾವು ದಡದ ಮೇಲಿನ ವಿಮಾನ ನಿಲ್ದಾಣವೊಂದರಲ್ಲಿ ಇದ್ದೇವೆ ಎಂದು ಜಿಪಿಎಸ್ ತೋರಿಸಿತು. ಅಂಥ ಹೊತ್ತಿನಲ್ಲಿ ಪರದೆ ಹೇಳುವುದು ಸುಳ್ಳು ಎಂದು ಗೊತ್ತಾಗಬೇಕಾದರೆ ಪರದೆಯ ಹೊರಗಿನ ಒಂದು ಆಧಾರ ಬೇಕು. ಸೂರ್ಯನಿಗೆ ಸುಳ್ಳು ಸಂಕೇತ ಕಳಿಸಲು ಯಾರಿಂದಲೂ ಆಗದು. ಮರ್ಚೆಂಟ್ ನೇವಿಗೆ ಸೇರಬೇಕು ಎನ್ನುವ ಹುಡುಗರು ನಮ್ಮಲ್ಲಿ ಇದ್ದಾರೆ. ಹಡಗಿನ ಡೆಕ್ ಅಧಿಕಾರಿಯ ಅಂತರರಾಷ್ಟ್ರೀಯ ಅರ್ಹತೆಯಲ್ಲಿ ಈ ವಿದ್ಯೆ ಇಂದಿಗೂ ಇದೆ ಎಂಬುದನ್ನು ಅವರು ಗಮನಿಸಲಿ.

ಕಡಲಿಗೆ ಹೋಗದವರಿಗೂ ಒಂದು ಪ್ರಯೋಗವಿದೆ. ವರ್ಷದಲ್ಲಿ ಎರಡು ಸಲ, ಮೇ 28 ಮತ್ತು ಜುಲೈ 16ರ ಆಸುಪಾಸಿನಲ್ಲಿ, ಸೂರ್ಯ ಕಾಬಾದ ನೇರ ನೆತ್ತಿಯ ಮೇಲೆ ಬರುತ್ತಾನೆ. ನಮ್ಮ ಗಡಿಯಾರದಲ್ಲಿ ಮೇ ತಿಂಗಳಲ್ಲಿ ಮಧ್ಯಾಹ್ನ 2 ಗಂಟೆ 48 ನಿಮಿಷ, ಜುಲೈಯಲ್ಲಿ 2 ಗಂಟೆ 57 ನಿಮಿಷ. ಆ ಕ್ಷಣ ಸೂರ್ಯನ ಕಡೆ ಮುಖ ಮಾಡಿದರೆ ಅದೇ ಕಿಬ್ಲಾ. ಒಂದು ಮೀಟರ್ ಉದ್ದದ ಕೋಲನ್ನು ಸಮತಟ್ಟಾದ ನೆಲದಲ್ಲಿ ಲಂಬವಾಗಿ ನಿಲ್ಲಿಸಿದರೆ ಮಂಗಳೂರಿನಲ್ಲಿ ಅದರ ನೆರಳು ಸುಮಾರು 69 ಸೆಂಟಿಮೀಟರ್ ಇರಬೇಕು ಎಂದು ನಮ್ಮ ಸೂತ್ರ ಹೇಳುತ್ತದೆ, ಏಕೆಂದರೆ ಎತ್ತರ 55.5 ಡಿಗ್ರಿ. ನೆರಳು ಬೀಳುವ ದಿಕ್ಕಿಗೆ ನೇರ ಎದುರು ದಿಕ್ಕು 289 ಡಿಗ್ರಿ ಆಗಬೇಕು. ಮೇ ತಿಂಗಳಲ್ಲಿ ಕಾಲೇಜಿಗೆ ರಜೆ, ಜುಲೈಯಲ್ಲಿ ಮಳೆ. ಆದರೂ ಜುಲೈ 16ರಂದು ಮೋಡ ಐದು ನಿಮಿಷ ಬಿಟ್ಟರೆ ಮೈದಾನಕ್ಕೆ ಒಂದು ಕೋಲು, ಒಂದು ಅಳತೆ ಟೇಪು, ನಿಮ್ಮ ಕ್ಯಾಲ್ಕುಲೇಟರ್ ತನ್ನಿ. ಲೆಕ್ಕವನ್ನು ಹಿಂದಿನ ದಿನವೇ ಮಾಡಿ, ಉತ್ತರವನ್ನು ಕಾಗದದಲ್ಲಿ ಬರೆದು ಜೇಬಿನಲ್ಲಿಟ್ಟುಕೊಂಡು ಬನ್ನಿ.